ಎಣ್ಣೆಗೆ ಸಕ್ಕರೆ ಅಂಟಿಸುವ ಕೆಲಸ

ಚಿಗವ್ವನ ಫೋನು ಬಂದಾಗ ನಾನು ಹುಬ್ಬಳ್ಳಿ ಹತ್ತಿರದ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೈಗವಸು ಹಾಕಿಕೊಂಡು ಕೂತಿದ್ದೆ. ಹಿಂಗಾರಿ ಜೋಳ ಕೀಳುವ ದಿನಗಳವು. ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕಣ್ಣನ್ನು ಎದುರಿಗಿದ್ದ ಗಾಜಿನ ತಟ್ಟೆಗಳ ಮೇಲೆಯೇ ಇಟ್ಟು "ಹೇಳು ಚಿಗವ್ವಾ" ಅಂದೆ.

"ಕಣ್ಣಿಗೆ ಜ್ವಾಳದ ರವದಿ ಬಡದೈತಿ ಮಗಳ. ಮೂರ ದಿನಾ ಆತು. ಒಂದಸವನ ನೀರ ಸೋರತಾವು, ಕೆಂಪಗಾಗೇತಿ. ನೀ ಓದಿದಾಕಿ, ಏನ ಹಾಕ್ಕೋಬೇಕ ಹೇಳು."

ಆ ಮಾತನ್ನು ನಾನು ಕೇಳಿಸಿಕೊಂಡೆ ಅನ್ನುವುದಕ್ಕಿಂತ, ಅದು ಕಿವಿಯ ಹತ್ತಿರ ಹಾದುಹೋಯಿತು ಅನ್ನುವುದೇ ಸರಿ. "ಕಾಕಾಗ ಕಣ್ಣಿನ ಆಪರೇಷನ್ ಆದಾಗ ಕೊಟ್ಟಿದ್ದ ಔಷಧ ಮನ್ಯಾಗ ಉಳದೈತೇನು? ಎರಡ ದಿನಾ ಅದನ್ನ ಹಾಕ್ಕೊಂಡ ನೋಡು. ಕಡಿಮಿ ಆಗಲಿಲ್ಲಂದ್ರ ದವಾಖಾನಿಗೆ ಹೋಗು" ಅಂದೆ. ಚಿಗವ್ವ ಹೂಂ ಅಂದು ಫೋನಿಟ್ಟಳು. ನಾನು ಮತ್ತೆ ತಟ್ಟೆಗಳ ಕಡೆ ತಿರುಗಿದೆ.

ಆ ತಟ್ಟೆಗಳಲ್ಲಿ ಬೆಳೆಯುತ್ತಿದ್ದುದು ಏನು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಫ್ಯುಸೇರಿಯಂ ಎಂಬ ಶಿಲೀಂಧ್ರ. ನಮ್ಮ ಎರೆ ಹೊಲಗಳ ಮಣ್ಣಿನಲ್ಲಿ, ಒಣಗಿದ ದಂಟಿನ ಮೇಲೆ, ಕಡಲೆಯ ಬೇರಿನಲ್ಲಿ ಎಲ್ಲೆಲ್ಲೂ ಇರುತ್ತದೆ. ಅದರ ಜೀವಕೋಶದ ಸುತ್ತ ಇರುವ ಪೊರೆಯಲ್ಲಿ ಕೊಬ್ಬಿನಂಥ ವಸ್ತುಗಳಿರುತ್ತವೆ. ಅವುಗಳಲ್ಲಿ ಒಂದು ಜಾತಿಯ ಕೊಬ್ಬಿಗೆ ತಲೆಯ ಮೇಲೆ ಒಂದು ಸಕ್ಕರೆಯ ಅಣು ಅಂಟಿಕೊಂಡಿರುತ್ತದೆ. ಹಾಗೆ ಅಂಟಿಸುವ ಕೆಲಸವನ್ನು ಒಂದು ಕಿಣ್ವ, ಅಂದರೆ ಎಂಜೈಮು ಮಾಡುತ್ತದೆ. ಅದಿಲ್ಲದೆ ಹೋದರೆ ಶಿಲೀಂಧ್ರ ಸೊರಗುತ್ತದೆಯೇ, ಮನುಷ್ಯನ ಮೈಯಲ್ಲಿ ಬೆಳೆಯುವ ಶಕ್ತಿ ಕಳೆದುಕೊಳ್ಳುತ್ತದೆಯೇ ಎಂದು ನೋಡುವುದು ನನ್ನ ಪಿಎಚ್.ಡಿ. ಕೆಲಸ. ಹೊಲದಲ್ಲಿ ರವದಿಯೋ, ಅಂದರೆ ಜೋಳದ ಒಣಗಿದ ಎಲೆಯೋ, ಕುಸುಬಿಯ ಮುಳ್ಳೋ ಬಡಿದು ಕಣ್ಣಿಗೆ ಗಾಯವಾದರೆ ಈ ಶಿಲೀಂಧ್ರ ಅದರೊಳಗೆ ಇಳಿಯಬಹುದು, ಆಗ ಊತ ಇಳಿಸುವ ಸ್ಟೀರಾಯ್ಡ್ ಹನಿಗಳನ್ನು ಹಾಕಿದರೆ ಅದು ಇನ್ನೂ ಜೋರಾಗಿ ಬೆಳೆಯುತ್ತದೆ ಎಂಬ ಮಾತು ನನ್ನ ಪ್ರಬಂಧದ ಮೊದಲ ಪುಟದಲ್ಲೇ ಇತ್ತು. ಅದನ್ನು ಬರೆದವಳು ನಾನೇ. ಕಾಕಾನ ಬಾಟಲಿಯಲ್ಲಿ ಇದ್ದುದು ಅದೇ ಬಗೆಯ ಹನಿ.

ನಾಲ್ಕು ದಿನ ನನಗೆ ಅದರ ನೆನಪೇ ಆಗಲಿಲ್ಲ.

ಚಿಗವ್ವ ನನ್ನ ಅವ್ವನ ತಂಗಿ. ಲಕ್ಕಲಕಟ್ಟಿಗೆ ಕೊಟ್ಟ ಹೆಣ್ಣು. ಕಾಕಾ ಅವಳ ಗಂಡ. ನಾವು ನರಗುಂದದವರು. ಸಣ್ಣಂದಿನಲ್ಲಿ ಬೇಸಿಗೆ ಸೂಟಿ ಬಿದ್ದ ಮರುದಿನವೇ ನಾನು ಅವಳ ಊರಿನ ಬಸ್ಸು ಹತ್ತುತ್ತಿದ್ದೆ. ಸಾಲಿ ಕಲಿತವಳಲ್ಲ, ಆದರೆ ಏನನ್ನಾದರೂ ನೋಡಿದರೆ ಅದು ಹೇಗೆ ಆಯಿತು ಎಂದು ಕೇಳದೆ ಬಿಡುತ್ತಿರಲಿಲ್ಲ. ರೊಟ್ಟಿ ಯಾಕೆ ಉಬ್ಬುತ್ತದೆ, ಹಾಲು ಒಂದೇ ರಾತ್ರಿಯಲ್ಲಿ ಹೇಗೆ ಮೊಸರಾಗುತ್ತದೆ ಎಂದು ನನ್ನನ್ನೇ ಕೇಳುತ್ತಿದ್ದಳು. ಉತ್ತರ ಗೊತ್ತಿಲ್ಲದ ನಾನು ಮರುವರ್ಷ ಪುಸ್ತಕದಲ್ಲಿ ಹುಡುಕಿಕೊಂಡು ಬಂದು ಹೇಳುತ್ತಿದ್ದೆ. ನಾನು ವಿಜ್ಞಾನ ಓದಿದ್ದು ಆ ಪ್ರಶ್ನೆಗಳಿಂದಲೇ ಎಂದು ಈಗ ಅನಿಸುತ್ತದೆ.

ಐದನೆಯ ದಿನ ಬೆಳಿಗ್ಗೆ ಕಾಕಾ ಫೋನು ಮಾಡಿದ. ಕಾಕಾ ತಾನಾಗಿ ಫೋನು ಮಾಡುವ ಮನುಷ್ಯನಲ್ಲ.

"ನಿಮ್ಮ ಚಿಗವ್ವಗ ಕಣ್ಣ ಬಿಡಾಕ ಬರವಲ್ದು. ಕರಿ ಗುಡ್ಡಿ ಮ್ಯಾಲ ಬೆಳ್ಳಗ ಬಿದ್ದೈತಿ. ರೋಣದ ದವಾಖಾನ್ಯಾಗ ಇವತ್ತ ಕಣ್ಣ ನೋಡ್ತಾರಂತ, ಕರಕೊಂಡ ಹೊಂಟೀನಿ."

ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ. ಬೆಳ್ಳಗೆ ಬಿದ್ದಿದೆ ಎಂಬ ಮಾತು ಕೇಳಿದ ಕೂಡಲೇ ನಾನು ಫೋನಿನಲ್ಲಿ ಏನು ಹೇಳಿದ್ದೆ ಎಂಬುದು ಒಂದೊಂದು ಶಬ್ದವಾಗಿ ನೆನಪಾಯಿತು. "ಕಾಕಾ, ಆ ನಿಮ್ಮ ಔಷಧ ಬಂದ್ ಮಾಡ್ರಿ, ಒಂದ ಹನಿನೂ ಹಾಕಬ್ಯಾಡ್ರಿ" ಎಂದು ಕೂಗಿಕೊಂಡೆ. ಬಸ್ಸಿನ ಸದ್ದಿನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ.

ರೋಣದಲ್ಲಿ ನಡೆದದ್ದನ್ನು ನಾನು ಕಂಡಿಲ್ಲ, ಚಿಗವ್ವ ಆಮೇಲೆ ಹೇಳಿದ್ದು. ಅಲ್ಲಿ ಕಣ್ಣು ತಪಾಸಣೆಗೆ ಇದ್ದವಳು ಒಬ್ಬ ನೇತ್ರ ಸಹಾಯಕಿ, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವಳು. ಹೊರಗೆ ಉದ್ದನೆಯ ಪಾಳಿ. ಚಿಗವ್ವ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಕೂತಿದ್ದನ್ನು ಬಾಗಿಲಿನಿಂದಲೇ ಕಂಡು ಆಕೆ ಒಳಗೆ ಕರೆದಳಂತೆ. ಗಾಯಕ್ಕೆ ಬಣ್ಣ ಹತ್ತಲೆಂದು ಹಳದಿ ಕಾಗದದ ಪಟ್ಟಿಯೊಂದನ್ನು ಕಣ್ಣಿಗೆ ತಾಗಿಸಿ, ನೀಲಿ ಬೆಳಕು ಬಿಟ್ಟು ನೋಡಿದಳು. ನೋಡಿ ಕೇಳಿದ ಮೊದಲ ಮಾತು, "ಹೊಲದಾಗ ಏನರ ಬಡದಿತ್ತೇನ್ರೀ ಅವ್ವಾರ?" ಎರಡನೆಯ ಮಾತು, "ಏನ ಹಾಕ್ಕೊಂಡೀರಿ? ತೋರಸ್ರಿ."

ಕಾಕಾ ಕಿಸೆಯಿಂದ ಬಾಟಲಿ ತೆಗೆದು ಕೊಟ್ಟ. ಆಕೆ ಅದರ ಚೀಟಿ ಓದಿ ಟೇಬಲ್ಲಿನ ಮೇಲಿಟ್ಟು, "ಇದು ಬ್ಯಾಡ್ರಿ ಇನ್ನ. ನನಗ ಇದು ಬೂಷ್ಟ ಇದ್ದಂಗ ಕಾಣತೈತಿ. ಇಲ್ಲೇ ಕುಂತ್ರ ಕಣ್ಣ ಉಳಿಯೂದಿಲ್ಲ. ನಾಳಿ ಅನಬ್ಯಾಡ್ರಿ, ಇವತ್ತ ಹುಬ್ಬಳ್ಳಿಗೆ ಹೋಗ್ರಿ" ಅಂದಳು. ಮೇಲಿನ ಡಾಕ್ಟರರಿಗೆ ಫೋನು ಮಾಡಿ ಹೇಳಿ ಚೀಟಿ ಬರೆಸಿಕೊಟ್ಟಳು. ಮನೆಗೆ ಹೋಗಿ ಅರಿವೆ ತಂದು ಹೋಗುತ್ತೇವೆ ಎಂದು ಕಾಕಾ ಹೇಳಿದಾಗ, "ಅರಿವಿ ಆಮ್ಯಾಲೂ ಬರತಾವ್ರಿ" ಎಂದು ತಾನೇ ಹೊರಗೆ ಬಂದು ಹುಬ್ಬಳ್ಳಿ ಬಸ್ಸು ಎಷ್ಟು ಹೊತ್ತಿಗಿದೆ ಎಂದು ವಿಚಾರಿಸಿದಳಂತೆ.

ನರಗುಂದದ ಬಸ್ ಸ್ಟ್ಯಾಂಡಿನಲ್ಲಿ ಫೋನಿನಲ್ಲಿ ಸುದ್ದಿ ಕೇಳಿದ ಅವ್ವ ಎರಡು ಸೀರೆ, ಒಂದು ತಂಬಿಗೆ, ರೊಟ್ಟಿಯ ಗಂಟು ಹಿಡಿದು ಅದೇ ಬಸ್ಸು ಹತ್ತಿದಳು. ನಾನು ನನ್ನ ಮಾರ್ಗದರ್ಶಕರ ಕೋಣೆಗೆ ಹೋದೆ. ಅವರು ವಿಜಾಪುರ ಕಡೆಯವರು, ಮಾತು ಕಡಿಮೆ. ಪ್ರಯೋಗ ಅರ್ಧಕ್ಕಿತ್ತು, ಬಿಟ್ಟರೆ ಎರಡು ತಿಂಗಳ ಕೆಲಸ ಹಾಳಾಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಳು ಬಂತು. ಎಲ್ಲ ಕೇಳಿ ಅವರು ಹೇಳಿದ್ದು ಇಷ್ಟು: "ತಟ್ಟಿ ಮತ್ತ ಹಚ್ಚಬಹುದು. ಕಣ್ಣ ಮತ್ತ ಹಚ್ಚಾಕ ಬರೂದಿಲ್ಲ. ಹೋಗು."

ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ಗಾಯದ ಅಂಚಿನಿಂದ ಚೂರೇ ಚೂರು ಕೆರೆದು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ನನ್ನನ್ನೂ ಕರೆದು ತೋರಿಸಿದರು. ಕವಲೊಡೆದ ಸಣ್ಣ ಎಳೆಗಳು. ಐದು ವರ್ಷದಿಂದ ದಿನವೂ ನೋಡುತ್ತಿದ್ದ ಎಳೆಗಳವು. ತಟ್ಟೆಯಲ್ಲಿ ಕಂಡಾಗ ಅವನ್ನು ಚೆಂದ ಎಂದುಕೊಂಡಿದ್ದೆ. ಈ ಸಲ ಸೂಕ್ಷ್ಮದರ್ಶಕದಿಂದ ಮುಖ ಎತ್ತಲು ನನಗೆ ಧೈರ್ಯ ಸಾಲಲಿಲ್ಲ.

ತಾಸಿಗೊಮ್ಮೆ ಔಷಧ ಹಾಕಬೇಕೆಂದರು. ಮಜ್ಜಿಗೆಯಂತೆ ಬೆಳ್ಳಗಿರುವ, ಪ್ರತಿ ಸಲ ಅಲುಗಾಡಿಸಿ ಹಾಕಬೇಕಾದ ಹನಿ. ಮೂರನೆಯ ದಿನ ಡಾಕ್ಟರು ಬಂದು ಚಿಗವ್ವನನ್ನು ಕೇಳಿದರು, "ಅಮ್ಮಾರ, ನಿಮ್ಮ ಕಣ್ಣಿನಿಂದ ತಗದ ಬೂಷ್ಟ ನಮ್ಮ ಲ್ಯಾಬಿನ್ಯಾಗ ಬೆಳದೈತ್ರಿ. ಅಭ್ಯಾಸ ಮಾಡಾಕ ಇಟ್ಕೋಬಹುದೇನ್ರಿ? ನೀವು ಬ್ಯಾಡಂದ್ರ ಇಟ್ಕೊಳ್ಳೂದಿಲ್ಲ."

ಚಿಗವ್ವ ಊದಿದ ಕಣ್ಣನ್ನು ಆ ಕಡೆಗೆ ತಿರುಗಿಸಿ, "ಅದೇನ ನಂದಲ್ಲರಿ, ಹೊಲದ್ದು. ಇಟ್ಕೋರಿ. ನನಗ ನನ್ನ ಕಣ್ಣಷ್ಟ ಕೊಡ್ರಿ" ಅಂದಳು. ಆಮೇಲೆ ಕಾಗದವನ್ನು ನಾನು ಓದಿ ಹೇಳಿದ ಮೇಲೆ ತನ್ನ ಹೆಸರಿನ ಸಹಿ ಮಾಡಿದಳು. ಆ ಸಹಿಯನ್ನು ಅವಳಿಗೆ ಕಲಿಸಿದ್ದು ನಾನು, ಏಳನೆಯ ಇಯತ್ತೆಯಲ್ಲಿದ್ದಾಗ.

ಒಂದು ವಾರದ ಮೇಲೆ ಮನೆಗೆ ಬಿಟ್ಟರು. ಲಕ್ಕಲಕಟ್ಟಿ ದೂರ, ವಾರಕ್ಕೊಮ್ಮೆ ತೋರಿಸಲು ಬರಬೇಕು ಎಂದು ನರಗುಂದದ ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ಆ ಏಳು ವಾರಗಳನ್ನು ನೆನೆದರೆ ನನಗೆ ಮೊದಲು ಕಣ್ಣ ಮುಂದೆ ಬರುವವಳು ಪಕ್ಕದ ಮನೆಯಲ್ಲಿ ಬ್ಲೌಸು ಹೊಲಿಯುವ ಹೆಂಗಸು. ನಾನು ಪ್ರಯೋಗಾಲಯಕ್ಕೆ ಹೋಗಿ ಬರಬೇಕಾದ ದಿನಗಳಲ್ಲಿ, ಅವ್ವ ಅಡಿಗೆಯಲ್ಲಿದ್ದಾಗ, ಹನಿ ಹಾಕುವ ಪಾಳಿಯನ್ನು ಆಕೆ ತಾನಾಗಿಯೇ ವಹಿಸಿಕೊಂಡಳು. ಮೊಬೈಲಿನಲ್ಲಿ ತಾಸಿಗೊಂದು ಗಂಟೆ ಇಟ್ಟುಕೊಂಡಿದ್ದಳು. ಗಂಟೆ ಹೊಡೆದ ಕೂಡಲೇ ಮಷೀನು ನಿಲ್ಲುತ್ತಿತ್ತು. ಕೈ ತೊಳೆದುಕೊಂಡು ಬರುತ್ತಿದ್ದಳು. ಕೈ ತೊಳೆಯದೆ ಒಂದು ದಿನವೂ ಮುಟ್ಟಲಿಲ್ಲ. ಒಮ್ಮೆ ಮದುವೆಯ ಅವಸರದ ಬ್ಲೌಸುಗಳು ಬಂದಾಗ ಗಿರಾಕಿಗಳು ಬಾಗಿಲಲ್ಲಿ ನಿಂತು ತಕರಾರು ತೆಗೆದರು. "ಎರಡ ನಿಮಿಷ ನಿಂದರ್ರಿ, ಕಣ್ಣಿಗೆ ಔಷಧ ಹಾಕಿ ಬರತೀನಿ. ನಿಮ್ಮ ಬ್ಲೌಸ ಎಲ್ಲೂ ಓಡಿ ಹೋಗೂದಿಲ್ಲ" ಎಂದು ಹೇಳಿ ಬಂದಳು. ಇದನ್ನು ಯಾವತ್ತೂ ಉಪಕಾರ ಎಂದು ಆಕೆ ಆಡಿ ತೋರಿಸಲಿಲ್ಲ.

ಒಂದು ಮಧ್ಯಾಹ್ನ ನಾನೇ ಹನಿ ಹಾಕುತ್ತಿದ್ದೆ. ಚಿಗವ್ವ ಮಂಚದ ಮೇಲೆ ಅಂಗಾತ ಮಲಗಿ ಕೇಳಿದಳು, "ನೀ ಓದೂದು ಇದನ್ನ ಅಲ್ಲೇನು? ಏನ ಓದ್ತಿ ಇದರಾಗ?"

"ಇದರ ಮೈಯಾಗ ಒಂದು ಎಂಜೈಮ್ ಇರತೈತಿ ಚಿಗವ್ವಾ. ಅದು ಎಣ್ಣಿಯಂಥಾ ಕೊಬ್ಬಿಗೆ ಸಕ್ರಿ ಅಂಟಸತೈತಿ."

"ಎಣ್ಣಿಗೆ ಸಕ್ರಿ ಎಲ್ಲರ ಅಂಟತೈತೇನು? ತಳಕ್ಕ ಹೋಗಿ ಕೂಡತೈತಿ."

"ತಾನ ಆಗಿ ಅಂಟೂದಿಲ್ಲ. ಅದಕ್ಕ ಅಂಟಸಾಕ ಆ ಎಂಜೈಮ ಬೇಕು."

ಅವಳು ಕಣ್ಣು ಮುಚ್ಚಿಕೊಂಡೇ ವಿಚಾರ ಮಾಡುತ್ತಿದ್ದಳು. "ಮತ್ತ ಆ ಅಂಟಸೂದನ್ನ ನಿಂದ್ರಸಿದ್ರ?"

"ಅದನ್ನ ನೋಡಾಕಹತ್ತೀನಿ. ಆದ್ರ ನಮ್ಮ ಮೈಯಾಗೂ ಅಂಥಾದ ಎಂಜೈಮ ಐತಿ. ಬೂಷ್ಟಿನ ಕೊಬ್ಬು ನಮ್ಮದಕ್ಕಿಂತ ಚೂರ ಬ್ಯಾರೆ. ಅದರದಷ್ಟ ನಿಂದ್ರಬೇಕು, ನಮ್ಮದು ನಡೀಬೇಕು. ಅಂಥಾ ಔಷಧ ಯಾರರ ಮಾಡಬೇಕಂದ್ರ ಮೊದಲ ಇದೆಲ್ಲಾ ಗೊತ್ತಾಗಬೇಕು."

"ಭಾಳ ನಾಜೂಕ ಕೆಲಸ ಬಿಡು" ಅಂದಳು.

ಆಗ ನನಗೆ ತಡೆಯಲಾಗಲಿಲ್ಲ. ಬಾಟಲಿಯ ಮುಚ್ಚಳ ಹಾಕಿ ಅವಳ ಪಕ್ಕದಲ್ಲಿ ಕೂತು ಹೇಳಿದೆ. ಅಂದು ಫೋನಿನಲ್ಲಿ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದು, ಕಾಕಾನ ಔಷಧ ಹಾಕು ಎಂದು ನಾನು ಹೇಳಿದ್ದರಿಂದಲೇ ಬೂಷ್ಟು ಇಷ್ಟು ಬೆಳೆಯಿತು ಎಂದು, ಅದು ನನಗೆ ಗೊತ್ತಿರಬೇಕಾದ ವಿಷಯವಾಗಿತ್ತು ಎಂದು. ಮೂರು ವಾರದಿಂದ ಮನೆಯಲ್ಲಿ ಯಾರಿಗೂ ಹೇಳದೆ ಹೊತ್ತುಕೊಂಡಿದ್ದ ಮಾತು.

ಚಿಗವ್ವ ಕೈ ಚಾಚಿ ನನ್ನ ಮೊಣಕೈ ಹಿಡಿದಳು. "ನೀ ಹೇಳ್ದಿ ಅಂತ ಹಾಕ್ಕೊಂಡೆ ಅಂತ ತಿಳದಿಯೇನು? ನಿನಗ ಫೋನ ಹಚ್ಚೂಕಿಂತ ಮೊದಲ ಎರಡ ದಿನಾ ಹಾಕ್ಕೊಂಡಿದ್ದೆ. ಹೌದಿಲ್ಲ ಅಂತ ಕೇಳಾಕಷ್ಟ ಹಚ್ಚಿದ್ದು."

ಅದು ಖರೇ ಇದ್ದಿತೋ, ನನ್ನ ಮುಖ ನೋಡಿ ಕಟ್ಟಿದ ಮಾತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕಾಕಾನನ್ನು ಕೇಳಿದರೆ ತಿಳಿಯುತ್ತಿತ್ತು. ಕೇಳಲಿಲ್ಲ. ಹಿಡಿದ ಮೊಣಕೈ ಬಿಡದೆ ಅವಳೇ ಮತ್ತೆ ಹೇಳಿದಳು, "ಆದ್ರ ಒಂದ ಮಾತು. ಮುಂದ ಯಾರರ ಏನರ ಕೇಳಿದ್ರ, ಕೈಯಾಗಿನ ಕೆಲಸಾ ಬಿಟ್ಟ ಕೇಳಿಸ್ಕೊ." ಬೈದಂತೆ ಹೇಳಲಿಲ್ಲ. ಉಪ್ಪು ಕಡಿಮೆಯಾಗಿದೆ, ಇನ್ನಷ್ಟು ಹಾಕು ಎನ್ನುವ ಹಾಗೆ ಹೇಳಿದಳು.

ಎಂಟನೆಯ ವಾರ ಡಾಕ್ಟರು ಗಾಯ ಮಾಯ್ದಿದೆ ಎಂದರು. ಕಣ್ಣು ಉಳಿಯಿತು. ಕರಿಗುಡ್ಡೆಯ ಮೇಲೆ ಮೋಡದಂಥ ಒಂದು ಕಲೆ ಉಳಿಯಿತು, ಅದು ಹೋಗುವುದಿಲ್ಲ. ಊರಿಗೆ ಮರಳುವ ದಿನ ನಾನೂ ಜೊತೆಗೆ ಹೊರಟೆ. ರೋಣದಲ್ಲಿ ಇಳಿದು ದವಾಖಾನೆಗೆ ಹೋದೆವು. ಸಾಲಿಯ ಮಕ್ಕಳು ಕಣ್ಣು ತೋರಿಸಲು ಸಾಲಾಗಿ ನಿಂತಿದ್ದರು. ಆ ನೇತ್ರ ಸಹಾಯಕಿಗೆ ನಮ್ಮ ಗುರುತು ಹತ್ತಲಿಲ್ಲ. ಚಿಗವ್ವ ತಾನೇ ರೆಪ್ಪೆ ಎತ್ತಿ ತೋರಿಸಿದಳು. ಟಾರ್ಚು ಬಿಟ್ಟು ನೋಡಿದ ಮೇಲೆ ಆಕೆಗೆ ನೆನಪಾಯಿತು. "ಅಯ್ಯ ಅವ್ವಾರ! ಹೋಗಿದ್ರಿ ಹಂಗಾರ. ಭಾಳ ಮಂದಿ ನಾಳಿ ಹೋಗೂಣು ಅಂತ ಮನಿಗೆ ಹೋಗಿಬಿಡತಾರ್ರಿ" ಅಂದಳು.

ನಾನು ಕೈ ಮುಗಿದೆ. ನಾನು ಓದುತ್ತಿರುವುದು ಇದೇ ಶಿಲೀಂಧ್ರ ಎಂದೂ, ಪುಸ್ತಕದಲ್ಲಿ ಓದಿದ್ದನ್ನು ನಾನು ಗುರುತಿಸಲಿಲ್ಲ, ನೀವು ಗುರುತಿಸಿದಿರಿ ಎಂದೂ ಹೇಳಿದೆ. ಆಕೆಗೆ ಸಂಕೋಚವಾಯಿತು. "ನಮಗ ಸುಗ್ಗಿಯಾಗ ದಿನಾ ಇಂಥಾವ ಬರತಾವ್ರಿ" ಎಂದು ಮುಂದಿನ ಹುಡುಗಿಯನ್ನು ಕರೆದಳು.

ನನ್ನ ಮಾರ್ಗದರ್ಶಕರು ಆಸ್ಪತ್ರೆಗೆ ಪತ್ರ ಬರೆದು, ಬೇಕಾದ ಒಪ್ಪಿಗೆಗಳನ್ನೆಲ್ಲ ಪಡೆದು, ಚಿಗವ್ವನ ಕಣ್ಣಿನಿಂದ ಬಂದ ಶಿಲೀಂಧ್ರವನ್ನು ನಮ್ಮ ಪ್ರಯೋಗಾಲಯಕ್ಕೆ ತರಿಸಿದರು. ಅದಕ್ಕೊಂದು ಸಂಖ್ಯೆ ಕೊಟ್ಟರು. ಸಕ್ಕರೆ ಅಂಟಿಸುವ ಎಂಜೈಮಿನ ವಂಶವಾಹಿಯನ್ನು, ಅಂದರೆ ಅದನ್ನು ಕಟ್ಟುವ ಸೂಚನೆಯನ್ನು, ಅದರಿಂದ ತೆಗೆದುಹಾಕುವುದು ನನ್ನ ಕೆಲಸವಾಯಿತು. ಮುಂಗಾರು ಪೂರ್ತಿ ಸೋತೆ. ತೆಗೆದೆ ಎಂದುಕೊಂಡಲ್ಲೆಲ್ಲ ಅದು ಹಾಗೆಯೇ ಇರುತ್ತಿತ್ತು, ಇಲ್ಲವೇ ತಟ್ಟೆಯಲ್ಲಿ ಏನೂ ಬೆಳೆಯುತ್ತಿರಲಿಲ್ಲ. ದಸರಾ ಸೂಟಿಗೆ ಊರಿಗೆ ಹೋಗದೆ ಕೂತು ಮತ್ತೊಮ್ಮೆ ಮಾಡಿದೆ. ದೀಪಾವಳಿ ಇನ್ನೂ ಒಂದು ವಾರ ಇದೆ ಅನ್ನುವಾಗ ಒಂದು ತಟ್ಟೆಯಲ್ಲಿ ಬೇಕಾದದ್ದು ಸಿಕ್ಕಿತು. ಪರೀಕ್ಷೆ ಮಾಡಿ ನೋಡಿದರೆ ಸಕ್ಕರೆ ಹೊತ್ತ ಆ ಕೊಬ್ಬು ಇರಲಿಲ್ಲ. ಮೂಲದ ಶಿಲೀಂಧ್ರ ಹಿಂಜಿದ ಅರಳೆಯಂತೆ ತಟ್ಟೆ ತುಂಬ ಹರಡಿದ್ದರೆ, ಇದು ನಡುವೆ ಒಂದು ಬೊಟ್ಟಿನಷ್ಟು ಅಗಲವಾಗಿ ಕುಗ್ಗಿ ಕೂತಿತ್ತು. ಮೈಯ ಬಿಸಿಯಲ್ಲಿಟ್ಟರೆ ಇನ್ನೂ ಬಡಕಲು. ಮಾರ್ಗದರ್ಶಕರು ಮೂರು ಸಲ ಮತ್ತೆ ಮಾಡಿಸಿದರು. ಮೂರು ಸಲವೂ ಹಾಗೆಯೇ ಬಂತು. ಅವರು ಕನ್ನಡಕ ತೆಗೆದು ಒರೆಸಿಕೊಂಡು "ಚಲೋ ಆತು" ಅಂದರು. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಇದು ಔಷಧವಲ್ಲ. ಔಷಧ ಬರಲು ಇನ್ನೂ ಎಷ್ಟೋ ಜನ ಎಷ್ಟೋ ವರ್ಷ ದುಡಿಯಬೇಕು, ಬರದೆಯೂ ಇರಬಹುದು. ಇದನ್ನು ಚಿಗವ್ವನಿಗೆ ಮೊದಲೇ ಹೇಳಿದ್ದೆ. ಆದರೂ ಅವಳಿಗೆ ನೋಡಬೇಕಿತ್ತು. ಹುಬ್ಬಳ್ಳಿಗೆ ಕಣ್ಣು ತೋರಿಸಲು ಬಂದವಳು ಅಲ್ಲಿಂದ ಕಾಕಾನ ಜೊತೆ ಪ್ರಯೋಗಾಲಯಕ್ಕೂ ಬಂದಳು. ಚಪ್ಪಲಿಯನ್ನು ಹೊರಗೆ ಬಿಟ್ಟು, ಸೆರಗು ಸರಿ ಮಾಡಿಕೊಂಡು, ಗುಡಿಗೆ ಬಂದವಳಂತೆ ಒಳಗೆ ಬಂದಳು. ಬಿಗಿಯಾಗಿ ಮುಚ್ಚಿದ ಎರಡು ತಟ್ಟೆಗಳನ್ನು ಪಕ್ಕ ಪಕ್ಕ ಇಟ್ಟು ತೋರಿಸಿದೆ.

"ಇದು ನನ್ನ ಕಣ್ಣಾಗಿದ್ದದ್ದು?" ಎಂದು ತುಂಬಿದ ತಟ್ಟೆಯನ್ನು ತೋರಿಸಿದಳು. ಹೌದು ಅಂದೆ.

"ಇದು?"

"ಇದೂ ಅದ. ಆದ್ರ ಸಕ್ರಿ ಅಂಟಸೂದು ಬಂದ್ ಆಗೇತಿ."

ಅವಳು ಬಗ್ಗಿ, ಕಲೆಯಿದ್ದ ಕಣ್ಣನ್ನೇ ಹತ್ತಿರ ತಂದು ಭಾಳ ಹೊತ್ತು ನೋಡಿದಳು. "ಪಾಪ, ಎಷ್ಟ ಸೊರಗೇತಿ" ಅಂದಳು. ಮಾರ್ಗದರ್ಶಕರು ನಕ್ಕರು. ಕಾಕಾನೂ ನಕ್ಕ. ತನ್ನ ಕಣ್ಣು ತಿಂದದ್ದಕ್ಕೂ ಪಾಪ ಅನ್ನುವ ಹೆಂಗಸನ್ನು ನೋಡುತ್ತ, ಇವಳ ಕೈಯಲ್ಲಿ ಬೆಳೆದದ್ದು ನನ್ನ ಪುಣ್ಯ ಎಂದುಕೊಂಡೆ.

ಈ ಸಲದ ಸುಗ್ಗಿಗೆ ಮೊದಲು ನಾನು ಕೆಲವು ಭಾನುವಾರಗಳನ್ನು, ಕಣ್ಣಿಗೆ ರವದಿ ಬಡಿದರೆ ಏನು ಮಾಡಬೇಕು ಎಂದು ಹೇಳುತ್ತ ಊರೂರು ತಿರುಗಲು ಇಟ್ಟುಕೊಂಡೆ. ರೋಣದ ಆ ನೇತ್ರ ಸಹಾಯಕಿ ಎಲ್ಲಿ ಹೋಗಬೇಕು, ಯಾರನ್ನು ಕೇಳಬೇಕು ಎಂದು ಹೇಳಿಕೊಟ್ಟಳು. ನರೇಗಲ್ಲಿನ ಸಂತೆಯ ಬದಿಯಲ್ಲಿ ನಾನು ಚಿತ್ರ ತೋರಿಸಿ ಮಾತಾಡಿದೆ. ಜನ ಮರ್ಯಾದೆಗೆ ಕೇಳಿ ತಮ್ಮ ಸಂತೆಗೆ ಹೋದರು. ಸೂಡಿ ಎಂಬ ಊರಿಗೆ ಹೋಗುವಾಗ ಚಿಗವ್ವ ತಾನೂ ಬರುತ್ತೇನೆಂದಳು. ನನ್ನ ಸ್ಕೂಟಿಯ ಹಿಂದೆ ಕೂತು ಬಂದಳು.

ಆ ಊರಿನ ಸ್ವಸಹಾಯ ಸಂಘದ ಹೆಂಗಸರು ಒಂದು ಮನೆಯ ಪಡಸಾಲೆಯಲ್ಲಿ ಸೇರಿದ್ದರು. ನಾನು ಚಿತ್ರ ಬಿಚ್ಚುವ ಮೊದಲೇ ಚಿಗವ್ವ ಶುರು ಮಾಡಿಬಿಟ್ಟಳು. ರವದಿ ಹೇಗೆ ಬಡಿಯಿತು, ತಾನು ಏನು ಹಾಕಿಕೊಂಡಳು, ಎಷ್ಟು ದಿನ ಸುಮ್ಮನಿದ್ದಳು ಎಲ್ಲ ಹೇಳಿದಳು. ನನ್ನ ಫೋನಿನ ಮಾತು ಮಾತ್ರ ಎತ್ತಲಿಲ್ಲ. ಅವಳು ಮುಗಿಸಿದ ಮೇಲೆ ನಾನೇ ಎತ್ತಿದೆ. "ಓದಿದಾಕಿ ನಾನೂ ತಪ್ಪ ಹೇಳಿದ್ದೆ. ಅದಕ್ಕ ಫೋನಿನ್ಯಾಗ ಯಾರನ್ನೂ ಕೇಳಬ್ಯಾಡ್ರಿ. ಕಣ್ಣ ನೋಡೋರ ಮುಂದ ಹೋಗಿ ಕುಂದರ್ರಿ" ಅಂದೆ. ಚಿಗವ್ವ ನನ್ನ ಕಡೆ ನೋಡಿದಳು.

ಮುಂದೆ ಕೂತಿದ್ದ ಒಬ್ಬ ಮುದುಕಿ ಕೇಳಿದಳು, "ಈಗ ಆ ಕಣ್ಣೀಲೆ ಎಷ್ಟ ಕಾಣತೈತವಾ ನಿನಗ?"

ಚಿಗವ್ವ ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಆಕೆಯ ಕಡೆ ತಿರುಗಿದಳು. "ನಿನ್ನ ಮುಖಾ ಕಾಣತೈತಿ. ನಗಾಕಹತ್ತೀಯೋ ಅಳಾಕಹತ್ತೀಯೋ ಅನ್ನೂದು ಗೊತ್ತಾಗೂದಿಲ್ಲ."

"ನಗಾಕಹತ್ತೀನಿ ಬಿಡು" ಅಂದಳು ಮುದುಕಿ.

ಎಲ್ಲರೂ ನಕ್ಕರು. ಮನೆಯಾಕೆ ಚಹಾ ತಂದಳು, ಜೊತೆಗೆ ಚುರುಮುರಿ. ಬಿಸಿಲು ಇಳಿಯುವ ತನಕ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಮ್ಮ ಕಣ್ಣಿನ ಕಥೆ ಹೇಳಿದರು. ನಾನು ಚಿತ್ರಗಳನ್ನು ಚೀಲದಿಂದ ತೆಗೆಯದೆ ಕೇಳುತ್ತ ಕೂತೆ.